531 ಸ್ಟಿಕ್ಕರ್ ಹಿಂದಿನ ಪೈಪು

ಇವತ್ತಿನ ಕಥೆ ಶುರುವಾಗೋದು ನನ್ನ ಜೇಬಿನಿಂದ. ಎರಡು ತಿಂಗಳ ಹಿಂದೆ 14,000 ರೂಪಾಯಿ ಕೊಟ್ಟು ಒಂದು ಹಳೇ ರೇಸಿಂಗ್ ಸೈಕಲ್ ತಗೊಂಡೆ. ಅಷ್ಟು ದುಡ್ಡು ಕೊಡೋಕೆ ಕಾರಣ, ಸೀಟಿನ ಕೆಳಗಿನ ಪೈಪಿನ ಮೇಲಿದ್ದ ಒಂದು ಸ್ಟಿಕ್ಕರ್: ‘ರೆನಾಲ್ಡ್ಸ್ 531’. ಮಾರಿದವರು ಒಂದು ಮ್ಯಾಗ್ನೆಟ್ ಹಿಡಿದು ತೋರಿಸಿದರು. ಟಕ್ ಅಂತ ಕಚ್ಚಿಕೊಂಡಿತು. ನಾನು ಬಿಕಾಂ ಓದಿದವನು, ಲೋಹದ ಬಗ್ಗೆ ಗೊತ್ತಿದ್ದದ್ದು ಚಿನ್ನದ ರೇಟ್ ಅಷ್ಟೇ. ನಂಬಿದೆ.

ನಮ್ಮ ಏರಿಯಾದ ಸೈಕಲ್ ಶಾಪ್ ಅಣ್ಣ ನೋಡಿ ನಕ್ಕರು. “ಮ್ಯಾಗ್ನೆಟ್ ನಿಮ್ಮನೆ ಗೇಟಿಗೂ ಅಂಟುತ್ತೆ ಕಣಪ್ಪಾ. ಸೀಟ್ ಪಿಲ್ಲರ್ ಸೈಜ್ ಎಷ್ಟು, ನೋಡಿದ್ಯಾ?”

ಈ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊಳೆ ಮಾಡುತ್ತಿದ್ದ ರೆನಾಲ್ಡ್ಸ್ ಕುಟುಂಬ. ಅದರಲ್ಲಿ ಆಲ್ಫ್ರೆಡ್ ರೆನಾಲ್ಡ್ಸ್ ತಲೆ ಕೆಡಿಸಿಕೊಂಡಿದ್ದು ಸೈಕಲ್ ಪೈಪಿನ ಬಗ್ಗೆ. ಪೈಪನ್ನು ಕಾಯಿಸಿ ಜೋಡಿಸುವ ಜಾಗದಲ್ಲೇ ಅದು ದುರ್ಬಲವಾಗುತ್ತೆ. ಹಾಗಂತ ಇಡೀ ಪೈಪು ದಪ್ಪ ಮಾಡಿದರೆ ಸೈಕಲ್ ಭಾರ. ಹಾಗಾಗಿ ತುದಿಯಲ್ಲಿ ದಪ್ಪ, ನಡುವೆ ತೆಳು. ಹೊರಗಿನಿಂದ ನೋಡಿದರೆ ಒಂದೇ ಅಳತೆ, ವ್ಯತ್ಯಾಸ ಎಲ್ಲ ಒಳಗೆ. ಇದಕ್ಕೆ 1897ರಲ್ಲಿ ಪೇಟೆಂಟ್ ಸಿಕ್ಕಿತು. 1935ರಲ್ಲಿ ಅದೇ ಕಂಪನಿ ಮ್ಯಾಂಗನೀಸ್, ಮಾಲಿಬ್ಡಿನಮ್ ಬೆರೆಸಿದ ಸ್ಟೀಲ್ ತಂದಿತು. ಅದೇ 531. ಎಷ್ಟು ಗಟ್ಟಿ ಅಂದರೆ, 1961ರ ಜಾಗ್ವಾರ್ ಇ-ಟೈಪ್ ಕಾರಿನ ಮುಂಭಾಗದ ಚೌಕಟ್ಟಿಗೂ ಇದನ್ನೇ ಹಾಕಿದರು.

ಈಗ ಪಿಲ್ಲರ್ ವಿಷಯಕ್ಕೆ ಬರೋಣ. ಆ ಕಾಲದ ಬಹುತೇಕ ರೇಸಿಂಗ್ ಸೈಕಲ್‌ಗಳ ಸೀಟ್ ಪೈಪಿನ ಹೊರ ಅಳತೆ 28.6 ಮಿಲಿಮೀಟರ್. ಒಳ್ಳೆಯ 531 ಪೈಪು ಮೇಲ್ಗಡೆ ಸುಮಾರು 0.6 ಮಿಲಿಮೀಟರ್ ದಪ್ಪ ಇರುತ್ತಿತ್ತು, ಹಾಗಾಗಿ ಅದರೊಳಗೆ 27.2ರ ಪಿಲ್ಲರ್ ಇಳಿಯುತ್ತೆ. ಪೈಪು ದಪ್ಪ ಇದ್ದಷ್ಟೂ ಪಿಲ್ಲರ್ ಸಣ್ಣದು. ಸ್ಟಿಕ್ಕರ್ ಸುಳ್ಳು ಹೇಳಬಹುದು, ತೂತು ಹೇಳೋದಿಲ್ಲ. ಒಂದು ಎಚ್ಚರಿಕೆ: 531ರಲ್ಲೇ ಉದ್ದಕ್ಕೂ ಒಂದೇ ದಪ್ಪದ ಅಗ್ಗದ ಪೈಪೂ ಇತ್ತು, ಅದಕ್ಕೆ ಪಿಲ್ಲರ್ ಸ್ವಲ್ಪ ಸಣ್ಣದಾಗಬಹುದು. ಅಸಲಿ ಸ್ಟಿಕ್ಕರ್ ಇದ್ದರೆ ಅದರ ಸಣ್ಣ ಅಕ್ಷರಗಳನ್ನೂ ಓದಿ. ಕೆಲವು ಫ್ರೇಮಲ್ಲಿ ಮೂರು ಮುಖ್ಯ ಪೈಪು ಮಾತ್ರ 531, ಮಿಕ್ಕಿದ್ದು ಮಾಮೂಲಿ ಸ್ಟೀಲು.

ಮ್ಯಾಗ್ನೆಟ್ ಅಂಟದೇ ಇದ್ದರೆ? ಪೈಪು ದಪ್ಪಗಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ. ಅದರ ಬಿಗಿತ ಸ್ಟೀಲಿನ ಮೂರನೇ ಒಂದು ಭಾಗ, ಅದಕ್ಕೇ ಪೈಪು ದೊಡ್ಡದಾಗಿರುತ್ತೆ. ಅಮೆರಿಕದಲ್ಲಿ ಗ್ಯಾರಿ ಕ್ಲೈನ್ 1970ರ ದಶಕದಲ್ಲಿ ಈ ದಾರಿ ಹಿಡಿದರು, 1983ರಲ್ಲಿ ಕ್ಯಾನನ್‌ಡೇಲ್ ಅಂಥ ಸೈಕಲ್ ಮಾರುಕಟ್ಟೆಗೆ ತಂದಿತು. ಬಣ್ಣ ಎದ್ದ ಜಾಗದಲ್ಲಿ ಕೆಂಪು ತುಕ್ಕು ಇರಲ್ಲ, ಬೆಳ್ಳಗೆ ಕಾಣುತ್ತೆ.

ಇದೆಲ್ಲ ಯಾಕೆ ಬೇಕು ಅಂದರೆ, ಫ್ರೇಮ್ ಬಿರುಕು ಬಿಟ್ಟಾಗ. ಮಾಮೂಲಿ ಸ್ಟೀಲನ್ನು ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಹಿತ್ತಾಳೆ ಹಾಕಿ ಬೆಸೆಯಬಹುದು. 531ರ ತೆಳು ಪೈಪಿಗೆ ನೇರವಾಗಿ ಕರೆಂಟ್ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರುಕು ಬಿಡಬಹುದು, ಅದನ್ನು ‘ಲಗ್’ ಅನ್ನೋ ತೋಳಿನೊಳಗೆ ಕೂರಿಸಿ ಹಿತ್ತಾಳೆಯಲ್ಲಿ ಜೋಡಿಸುತ್ತಿದ್ದದ್ದು ಅದಕ್ಕೇ. ಅಲ್ಯೂಮಿನಿಯಂ ಆದರೆ ಬೀದಿ ಬದಿಯಲ್ಲಿ ಮಾಡಿಸಲೇಬೇಡಿ. ಇಳಿಜಾರಲ್ಲಿ ಹ್ಯಾಂಡಲ್ ಕೈಯಲ್ಲಿ ಉಳಿದು ಫ್ರೇಮ್ ಬೇರೆಯಾದರೆ ಹಲ್ಲು ವಾಪಸ್ ಬರಲ್ಲ.

ಇನ್ನೊಂದು ಮಜಾ ವಿಷಯ. ರೆನಾಲ್ಡ್ಸ್ 1928ರಿಂದ ‘ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್’ ಅನ್ನೋ ಇಂಗ್ಲಿಷ್ ಗುಂಪಿನ ಕೈಯಲ್ಲಿತ್ತು. 1946ರಲ್ಲಿ ಹರ್ಕ್ಯುಲಿಸ್ ಕೂಡ ಅದೇ ಗುಂಪಿಗೆ ಸೇರಿತು. 1949ರಲ್ಲಿ ಅವರೇ ಮುರುಗಪ್ಪ ಸಮೂಹದ ಜೊತೆ ಸೇರಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರು ಮಾಡಿದರು. ಅಂದರೆ ನಮ್ಮ ತಾತ ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಿಸ್ತಿದ್ದ ಹರ್ಕ್ಯುಲಿಸ್‌ಗೂ 531ಗೂ ಒಂದೇ ಮನೆತನ. ಆದರೆ ತಾತನ ಸೈಕಲ್ ಪೈಪು ಮಾಮೂಲಿ ದಪ್ಪ ಸ್ಟೀಲು. ಭಾರ ಹೊರೋಕೆ ಅಂತಲೇ ಮಾಡಿದ್ದು.

ಅಣ್ಣ ಬೋಲ್ಟ್ ಸಡಿಲ ಮಾಡಿ ನನ್ನ ಪಿಲ್ಲರ್ ಎಳೆದರು. ಬುಡದ ಹತ್ತಿರ ನಂಬರ್ ಪಂಚ್ ಮಾಡಿತ್ತು: 25.4. ಪೈಪಿನ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್, ಥೇಟ್ ತಾತನ ಸೈಕಲ್ ಥರ. ಅಣ್ಣ ಏನೂ ಹೇಳಲಿಲ್ಲ. ಪಿಲ್ಲರಿಗೆ ಗ್ರೀಸ್ ಹಚ್ಚಿ ವಾಪಸ್ ಇಳಿಸಿದರು. ನಾನು ಉಗುರಲ್ಲಿ ಸ್ಟಿಕ್ಕರಿನ ಅಂಚು ಕೆರೆದೆ, ಆರಾಮಾಗಿ ಎದ್ದು ಬಂತು.