ಸ್ಪ್ರಿಂಗ್ ಬದಲಿಸುವ ಮುನ್ನ ಒಂದಿಷ್ಟು ಚರಿತ್ರೆ



2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದದ್ದು ನಿಮಗೆ ನೆನಪಿರಬಹುದು. ಪುಣೆಯ ಬಾಲೇವಾಡಿಗೋ ದೆಹಲಿಯ ಕರ್ಣಿ ಸಿಂಗ್ ರೇಂಜಿಗೋ ನಿಮ್ಮ ಮನೆಯ ಮಗುವೂ ಗುರಿ ಕಲಿಯಲು ಹೋಗುತ್ತಿರಬಹುದು. ಹೊಸ ರೈಫಲ್ಲಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಾಗಾಗಿ ಯಾರೋ ಬಳಸಿದ ಹಳೆಯ ಜರ್ಮನ್ ಸ್ಪ್ರಿಂಗ್ ರೈಫಲ್ ಮನೆಗೆ ಬರುತ್ತದೆ. ಕೆಲವು ತಿಂಗಳು ಚೆನ್ನಾಗಿಯೇ ನಡೆದು, ಆಮೇಲೆ ಪೆಲೆಟ್‌ಗಳು ಕಾಗದದ ಮೇಲೆ ಚದುರತೊಡಗುತ್ತವೆ. ಮಗು ತನ್ನ ಕೈಯನ್ನೇ ಶಪಿಸಿಕೊಳ್ಳುತ್ತದೆ. ತಪ್ಪು ಕೈಯದಲ್ಲ, ಒಳಗಿನ ಸ್ಪ್ರಿಂಗ್ ಸೋತಿದೆ ಎಂದು ತಿಳಿಯುವ ಹೊತ್ತಿಗೆ ಎಷ್ಟೋ ಮಕ್ಕಳು ಆಟವನ್ನೇ ಬಿಟ್ಟಿರುತ್ತಾರೆ.

ಸ್ಪ್ರಿಂಗ್ ಬದಲಿಸೋಣವೆಂದು ಹೊರಟರೆ ಇನ್ನೊಂದು ತೊಡಕು. ಕಂಪನಿಯ ಪಾರ್ಟ್ ಸುಲಭಕ್ಕೆ ಸಿಗುವುದಿಲ್ಲ. ಹೊರಗಿನವರು ಮಾಡಿದ್ದು ಹತ್ತು ಬಗೆ ಇವೆ. ಅಂಗಡಿಯವರು, "ಇದನ್ನು ಹಾಕಿಸಿ ಸಾರ್, ಇನ್ನೂ ಗಟ್ಟಿ, ಪವರ್ ಜಾಸ್ತಿ ಬರುತ್ತೆ" ಎನ್ನುತ್ತಾರೆ. ಈ ಮಾತಿಗೆ ತಲೆದೂಗುವ ಮುನ್ನ ಸ್ಪ್ರಿಂಗಿನ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಒಳ್ಳೆಯ ಸ್ಪ್ರಿಂಗಿಗಾಗಿ ಒದ್ದಾಡಿದವರಲ್ಲಿ ಗಡಿಯಾರದವರು ಮೊದಲಿಗರು. ಇಂಗ್ಲೆಂಡಿನ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕನಿಗೆ ಅಂದಿನ ಉಕ್ಕು ಒಪ್ಪಿಗೆಯಾಗಲಿಲ್ಲ. ಒಂದೇ ಪಟ್ಟಿಯಲ್ಲಿ ಒಂದು ಕಡೆ ಗಡಸು, ಇನ್ನೊಂದು ಕಡೆ ಮೆದು. 1740ರ ದಶಕದಲ್ಲಿ ಅವನು ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸಿ, ಎಲ್ಲ ಕಡೆ ಒಂದೇ ಸಮನಾದ ಉಕ್ಕನ್ನು ಪಡೆದ. ಅವನಿಗೆ ಬೇಕಾಗಿದ್ದದ್ದು ಹೆಚ್ಚು ಬಲದ ಸ್ಪ್ರಿಂಗಲ್ಲ. ನಿನ್ನೆಯಂತೆಯೇ ಇಂದೂ ಕೆಲಸ ಮಾಡುವ ಸ್ಪ್ರಿಂಗು.

ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ನಮ್ಮ ದಕ್ಷಿಣದವರಿಗೆ ಅದಕ್ಕಿಂತ ಎಷ್ಟೋ ಶತಮಾನ ಮೊದಲೇ ಗೊತ್ತಿತ್ತು. 1790ರ ದಶಕದಲ್ಲಿ ಮುಂಬಯಿಯಿಂದ ಲಂಡನ್ನಿಗೆ ಇಂಥ ಉಕ್ಕಿನ ಮಾದರಿಗಳು ಹೋದವು. ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಯ ಮುಂದೆ ಅದರ ಬಗ್ಗೆ ಪ್ರಬಂಧ ಮಂಡಿಸಿದರು. ಅದರಲ್ಲಿ ಆ ಉಕ್ಕಿನ ಹೆಸರು 'ವೂಟ್ಜ್'. ನಮ್ಮ 'ಉಕ್ಕು' ಎಂಬ ಮಾತೇ ಆಂಗ್ಲರ ಬಾಯಲ್ಲಿ ಹೀಗಾಯಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿ ದೂರದ ಊರುಗಳಿಗೂ ಹೋಗುತ್ತಿತ್ತೆಂದು ಬರೆದಿದ್ದಾನೆ. ಗೊಂಬೆಗಳ ಊರು ಒಂದು ಕಾಲಕ್ಕೆ ತಂತಿಗಳ ಊರೂ ಆಗಿತ್ತು!

ರೈಫಲ್ಲಿಗೂ ವಾದ್ಯದ ತಂತಿಗೂ ಏನು ನಂಟು ಎನ್ನುತ್ತೀರಾ? ಇಂದಿಗೂ ಸ್ಪ್ರಿಂಗ್ ಮಾಡುವವರು ಬಹುವಾಗಿ ಬಳಸುವ ಒಂದು ಜಾತಿಯ ಉಕ್ಕಿನ ತಂತಿಗೆ 'ಮ್ಯೂಸಿಕ್ ವೈರ್' ಎಂದೇ ಹೆಸರು. ಪಿಯಾನೋದ ತಂತಿ ಮತ್ತು ಸ್ಪ್ರಿಂಗಿನ ತಂತಿ ಒಂದೇ ಕುಲದವು. ಎಳೆದು ಬಿಟ್ಟ ಮೇಲೆ ಮೊದಲಿನ ಜಾಗಕ್ಕೇ ಮರಳಬೇಕು. ಮರಳದಿದ್ದರೆ ಅಲ್ಲಿ ಶ್ರುತಿ ತಪ್ಪುತ್ತದೆ, ಇಲ್ಲಿ ಗುರಿ ತಪ್ಪುತ್ತದೆ.

ಈಗ ಬಂದೂಕಿಗೆ ಬರೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಎಸ್‌ಎ ಕಂಪನಿ ಲಿಂಕನ್ ಜೆಫ್ರೀಸ್ ಎಂಬಾತನ ವಿನ್ಯಾಸದ ಏರ್ ರೈಫಲ್ ಮಾಡಲು ತೊಡಗಿದ್ದು 1905ರಲ್ಲಿ. ಲಿವರ್ ಎಳೆದಾಗ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಅದು ಪಿಸ್ಟನ್ನನ್ನು ಮುಂದಕ್ಕೆ ತಳ್ಳಿ, ಪಿಸ್ಟನ್ ಗಾಳಿಯನ್ನು ಹಿಂಡಿ, ಗಾಳಿ ಪೆಲೆಟ್ಟನ್ನು ಹಾರಿಸುತ್ತದೆ. ತೊಂದರೆಯೆಂದರೆ, ಅರ್ಧ ಗ್ರಾಂ ತೂಕದ ಪೆಲೆಟ್ಟಿಗಾಗಿ ಭಾರದ ಪಿಸ್ಟನ್ ಓಡಬೇಕು. ಅದು ಹೊರಟಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಹೋಗಿ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಬಿಚ್ಚಿಕೊಳ್ಳುವ ಸ್ಪ್ರಿಂಗ್ ತಿರುಚುವುದು ಬೇರೆ.

ಈ ಕುಲುಕಾಟವನ್ನು ಅಡಗಿಸಲು 1960ರ ದಶಕದ ಜರ್ಮನರು ಪಟ್ಟ ಪಾಡು ಸ್ವಾರಸ್ಯದ್ದು. ಡಯಾನಾ ಕಂಪನಿ 'ಗಿಸ್' ಪದ್ಧತಿಯಲ್ಲಿ ಎರಡು ಪಿಸ್ಟನ್‌ಗಳನ್ನು ಎದುರುಬದುರು ಓಡಿಸಿ, ಒಂದರ ಹೊಡೆತವನ್ನು ಇನ್ನೊಂದರಿಂದ ಸರಿದೂಗಿಸಿತು. ಮೌಸರ್ ಕಾರ್ಖಾನೆಯಲ್ಲಿ ದುಡಿದಿದ್ದ ವೆಸ್ಟಿಂಗರ್ ಮತ್ತು ಆಲ್ಟೆನ್‌ಬರ್ಗರ್ ಎಂಬಿಬ್ಬರು ಓಬರ್ನ್‌ಡಾರ್ಫ್‌ನಲ್ಲಿ ಕಟ್ಟಿದ ಫೈನ್‌ವರ್ಕ್‌ಬೌ ಬೇರೆ ದಾರಿ ಹಿಡಿಯಿತು. ಅವರ ರೈಫಲ್ಲಿನಲ್ಲಿ ನಳಿಗೆಯೂ ಯಂತ್ರಭಾಗವೂ ಸಣ್ಣ ಹಳಿಯ ಮೇಲೆ ಹಿಂದಕ್ಕೆ ಜಾರುತ್ತವೆ. ಭುಜಕ್ಕೆ ಆನಿಸಿದ ಮರದ ಭಾಗ ಕದಲುವುದೇ ಇಲ್ಲ. ಅವರ '300' ಮಾದರಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಸುತ್ತಿದ ಎರಡು ಸ್ಪ್ರಿಂಗುಗಳಿವೆ, ತಿರುಚು ಪರಸ್ಪರ ವಜಾ ಆಗಲೆಂದು.

ಇಷ್ಟೆಲ್ಲ ಮಾಡಿದವರು ಪವರ್ ಹೆಚ್ಚಿಸಲಿಲ್ಲ ಎಂಬುದನ್ನು ಗಮನಿಸಿ. 10 ಮೀಟರ್ ದೂರದ ಕಾಗದಕ್ಕೆ 7.5 ಜೂಲ್ ಆಸುಪಾಸಿನ ಶಕ್ತಿ ಧಾರಾಳ ಸಾಕು. ಇಂಥ ರೈಫಲ್ಲಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಪಿಸ್ಟನ್ ಜೋರಾಗಿ ಬಡಿಯುತ್ತದೆ, ಒಳಗಿನ ಮೆತ್ತೆ ಸವೆಯುತ್ತದೆ, ಆ ಇಂಜಿನಿಯರುಗಳು ಅಡಗಿಸಿದ್ದ ಕುಲುಕಾಟ ಮತ್ತೆ ಎದ್ದು ಬರುತ್ತದೆ. ದುಡ್ಡು ಕೊಟ್ಟು ಅವರ ಶ್ರಮವನ್ನು ಅಳಿಸಿದಂತೆ.

ಹಾಗಾದರೆ ಆರಿಸುವುದು ಹೇಗೆ? ಮೊದಲು ತಂತಿಯ ದಪ್ಪ ನೋಡಿ. ಸ್ಪ್ರಿಂಗಿನ ಬಿಗಿತ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. 3 ಮಿಲಿಮೀಟರ್ ತಂತಿಯ ಬದಲು 3.3 ಮಿಲಿಮೀಟರ್ ಹಾಕಿದರೆ, ಉಳಿದದ್ದೆಲ್ಲ ಅಷ್ಟೇ ಇದ್ದರೂ ಬಿಗಿತ ಸುಮಾರು ಒಂದೂವರೆ ಪಟ್ಟಾಗುತ್ತದೆ. ಅಲ್ಲದೆ 30 ಸುತ್ತಿನ ಸ್ಪ್ರಿಂಗಿನಲ್ಲಿ ಒಟ್ಟು 9 ಮಿಲಿಮೀಟರ್ ಜಾಗ ಹೆಚ್ಚು ಬೇಕು. ಲಿವರ್ ಪೂರ್ತಿ ಬರುವ ಮುನ್ನವೇ ಸುತ್ತುಗಳು ಒಂದಕ್ಕೊಂದು ತಾಗಿ ನಿಲ್ಲಬಹುದು. ಆದ್ದರಿಂದ ಅಳತೆಪಟ್ಟಿ ಸಾಲದು, ವರ್ನಿಯರ್ ಕ್ಯಾಲಿಪರ್ ಬೇಕು. ಸುತ್ತಿನ ಒಳ ಮತ್ತು ಹೊರ ಅಗಲ, ಸುತ್ತುಗಳ ಎಣಿಕೆ, ಸುತ್ತಿರುವ ದಿಕ್ಕು ಎಲ್ಲವೂ ಅಸಲಿಗೆ ಹೊಂದಬೇಕು. ತುದಿಗಳು ಚಪ್ಪಟೆಯಾಗಿ ಉಜ್ಜಿದವಾಗಿರಲಿ. ಗಾಜಿನ ಮೇಲೆ ಉರುಳಿಸಿದರೆ ಡೊಂಕು ತಾನಾಗಿಯೇ ಕಾಣುತ್ತದೆ. ಉದ್ದವನ್ನು ಮಾತ್ರ ನೋಡಿ ಮೋಸಹೋಗಬೇಡಿ: ಹೊಸ ಸ್ಪ್ರಿಂಗ್ ಮೊದಲ ದಿನಗಳಲ್ಲಿ ಕೊಂಚ ಕುಗ್ಗುವುದು ಸಹಜ.

ಸ್ಪ್ರಿಂಗಿನ ಮೇಲೆ ಅಪವಾದ ಹೊರಿಸುವ ಮುನ್ನ ಸೀಲನ್ನೂ ನೋಡಿ. ಹಳೆಯ ಕಾಲದ ಚರ್ಮದ ವಾಷರ್ ಒಣಗಿದರೆ ಗಾಳಿ ಸೋರುತ್ತಿತ್ತು, ಎಣ್ಣೆ ಹೆಚ್ಚಾದರೆ ಬಿಸಿಗೆ ಹೊತ್ತಿಕೊಂಡು ವೇಗ ಏರುಪೇರಾಗುತ್ತಿತ್ತು. ಆಮೇಲೆ ಬಂದ ಕೆಲವು ಪ್ಲಾಸ್ಟಿಕ್ ಸೀಲುಗಳು, ಬಂದೂಕನ್ನು ಬಳಸದೆ ಇಟ್ಟರೂ, ವರ್ಷಗಳು ಕಳೆದಂತೆ ಬೆಲ್ಲದ ಪುಡಿಯ ಹಾಗೆ ಉದುರಿದವು. ಡಯಾನಾದ ಗಿಸ್ ರೈಫಲ್ಲುಗಳು ಇದಕ್ಕೆ ಹೆಸರಾದವು. ಇಲ್ಲಿ ಹೊರಗಿನವರ ಹೊಸ ಸೀಲು ಅಸಲಿಗಿಂತ ಬಾಳಿಕೆ ಬಂದೀತು. ಕಂಪನಿ ಮಾಲೇ ಯಾವಾಗಲೂ ಮೇಲು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಬದಲಿಸುವ ಮುನ್ನ ಮತ್ತು ನಂತರ ಪೆಲೆಟ್ಟಿನ ವೇಗ ಅಳೆಯುವ ಯಂತ್ರದಲ್ಲಿ ಹತ್ತು ಹತ್ತು ಹೊಡೆತ ದಾಖಲಿಸಿ. ಅತಿ ಹೆಚ್ಚು ಎಷ್ಟು ಬಂತು ಎಂಬುದು ಮುಖ್ಯವಲ್ಲ. ಹೆಚ್ಚಿಗೂ ಕಡಿಮೆಗೂ ನಡುವಿನ ಅಂತರ ಎಷ್ಟು ಎಂಬುದೇ ಲೆಕ್ಕ. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂರಬೇಡಿ. ಒತ್ತಿ ಕೂರಿಸಿದ ಸ್ಪ್ರಿಂಗ್ ತಟ್ಟನೆ ಹಾರಿದರೆ ಕಣ್ಣಿಗೆ ಅಪಾಯ. ಗಿಸ್ ರೈಫಲ್ಲಿನಲ್ಲಂತೂ ಎರಡು ಪಿಸ್ಟನ್ನಿನ ಹಲ್ಲುಗಳು ಸರಿಯಾಗಿ ಕೂರದಿದ್ದರೆ ಎಲ್ಲ ವ್ಯರ್ಥ. ಕ್ಲಬ್ಬಿನ ಅನುಭವಿ ಆರ್ಮರರ್ ಕೈಗೆ ಕೊಡಿ. ಟ್ರಿಗರ್ ಸ್ಪ್ರಿಂಗನ್ನು ಕತ್ತರಿಸಿ ಹಗುರ ಮಾಡಿಕೊಡುತ್ತೇನೆ ಎನ್ನುವವರಿಂದ ದೂರವಿರಿ. ಮುಟ್ಟದೆಯೇ ಹಾರುವ ಬಂದೂಕು ಯಾರಿಗೂ ಬೇಡ.

1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಏರ್ ರೈಫಲ್ ಒಲಿಂಪಿಕ್ಸಿಗೆ ಬಂತು. ಆ ಹೊತ್ತಿಗಾಗಲೇ ದೊಡ್ಡ ಸ್ಪ್ರಿಂಗಿನ ಕಾಲ ಮುಗಿಯುತ್ತಿತ್ತು. ಮುಂದೆ ಸಿಲಿಂಡರಿನಲ್ಲಿ ತುಂಬಿಟ್ಟ ಗಾಳಿಯ ರೈಫಲ್ಲುಗಳು ಬಂದವು. ಅವುಗಳಲ್ಲೂ ಪ್ರತಿ ಹೊಡೆತಕ್ಕೆ ಅಷ್ಟೇ ಗಾಳಿ ಬಿಡಲು ರೆಗ್ಯುಲೇಟರಿನೊಳಗೆ ಬಟ್ಟಲಿನಾಕಾರದ ಪುಟ್ಟ ಸ್ಪ್ರಿಂಗ್ ಬಿಲ್ಲೆಗಳ ಸಾಲಿದೆ. ಗಡಿಯಾರದವನು ಬೇಡಿದ್ದನ್ನೇ ಇವೂ ಬೇಡುತ್ತವೆ.

ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ, ಮುಂಬಯಿ ಸೀಮೆಯಲ್ಲಿ ಬೆಳೆದ ಸುಮಾ ಶಿರೂರು 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಅಂಕ ಪಡೆದು ವಿಶ್ವದಾಖಲೆ ಸರಿಗಟ್ಟಿದರು. ನಲವತ್ತು ಹೊಡೆತ, ನಲವತ್ತೂ ಹತ್ತು. ಆ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್! ಅಂಥ ಕೈ ಎಲ್ಲ ಮಕ್ಕಳಿಗೂ ಬರಲಿಕ್ಕಿಲ್ಲ. ಆದರೆ ತಪ್ಪು ತನ್ನದೋ ಬಂದೂಕಿನದೋ ಎಂದು ತಿಳಿಯುವ ಅವಕಾಶ ಎಲ್ಲರಿಗೂ ಸಿಗಬೇಕು. ಅಂಗಡಿಯಲ್ಲಿ "ಯಾವುದು ಜೋರು?" ಎಂದು ಕೇಳುವ ಬದಲು "ಯಾವುದು ಅಸಲಿ ಅಳತೆಯದು?" ಎಂದು ಕೇಳಿ. ಆಮೇಲೆ ಮಗುವಿನ ಹತ್ತು ಹೊಡೆತದ ಕಾಗದವನ್ನು ತೆಗೆದಿಟ್ಟುಕೊಳ್ಳಿ, ಮುಂದಿನ ತಿಂಗಳು ಹೋಲಿಸಲು ಬೇಕಾಗುತ್ತದೆ.