ಲಾಕ್‌ಡೌನ್‌ನಲ್ಲಿ ಬೆಟ್ಟಕ್ಕೆ ಹೋಗಬಹುದಿತ್ತಾ? ಕೋಲಾರದ ನಾಲ್ಕು ತಾಲ್ಲೂಕುಗಳ ಲೆಕ್ಕ

ಕೋವಿಡ್ ಕಾಲದಲ್ಲಿ ಅಂತರಗಂಗೆ ಬೆಟ್ಟ ಹತ್ತುವುದು ಕಾನೂನಿನ ಪ್ರಕಾರ ತಪ್ಪಾಗಿತ್ತಾ? ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಯಾವ ತಿಂಗಳು, ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿಂದ ಹೊರಟಿರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತೆ. 2020ರ ಮಾರ್ಚ್‌ನಿಂದ 2022ರ ಜನವರಿವರೆಗೆ ನಿರ್ಬಂಧಗಳು ಬಂದವು, ಸಡಿಲವಾದವು, ಮತ್ತೆ ಬಂದವು. ದಿನಸಿಗೆ ಎಷ್ಟು ಗಂಟೆ, ಮದುವೆಗೆ ಎಷ್ಟು ಜನ, ಬಸ್ಸಿನಲ್ಲಿ ಎಷ್ಟು ಸೀಟು ಎಂಬುದಕ್ಕೆಲ್ಲ ಲೆಕ್ಕ ಇತ್ತು. ಗಾಳಿ ಬೆಳಕಿಗಾಗಿ, ನಡಿಗೆಗಾಗಿ ಮನೆಯಿಂದ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಮಾತ್ರ ಲೆಕ್ಕ ಇರಲಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳನ್ನು ಇಟ್ಟುಕೊಂಡು ನೋಡಿದರೆ ಈ ಖಾಲಿ ಜಾಗ ಚೆನ್ನಾಗಿ ಕಾಣುತ್ತೆ. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಆಂಧ್ರ, ಮತ್ತೊಂದು ಕಡೆ ತಮಿಳುನಾಡು. ನಡುವೆ ಬೆಟ್ಟ, ಗುಹೆ, ಹಳೇ ದೇವಸ್ಥಾನ, ಮಾವಿನ ತೋಟ.

ಹೋಗುವ ಜಾಗಗಳು ಯಾವುವು?

ಅಂತರಗಂಗೆ ಕೋಲಾರ ಪಟ್ಟಣಕ್ಕೆ ಅಂಟಿಕೊಂಡಿರುವ ಶತಶೃಂಗ ಬೆಟ್ಟಸಾಲಿನಲ್ಲಿದೆ. ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಕಾಶಿ ವಿಶ್ವೇಶ್ವರ ದೇವಸ್ಥಾನ, ಅದರ ಮೇಲೆ ಬಂಡೆಗಳ ನಡುವಿನ ಗುಹೆಗಳು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ಆದ್ದರಿಂದ ಐಟಿ ಕಂಪನಿಗಳ ಹುಡುಗರಿಗೆ ಇದು ರಾತ್ರಿ ಟ್ರೆಕ್ಕಿಂಗ್ ಜಾಗ. ಕೋಲಾರದವರಿಗೆ ಬೆಳಗಿನ ವಾಕಿಂಗ್ ಜಾಗ. ಬೆಟ್ಟದ ಮೇಲಿರುವ ತೇರಹಳ್ಳಿಯಂಥ ಊರುಗಳವರಿಗೆ ಇದು ದಿನಾ ಓಡಾಡುವ ದಾರಿ, ಅಷ್ಟೇ.

ಮುಳಬಾಗಿಲು ತಾಲ್ಲೂಕಿನಲ್ಲಿ ಆವಣಿ ಇದೆ. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಸ್ಥಾನಗಳು, ಮೇಲೆ ಬೆಟ್ಟದ ತುದಿಯಲ್ಲಿ ಸೀತೆಯ ಗುಡಿ. ಪಕ್ಕದ ಕುರುಡುಮಲೆಗೆ ಗಣೇಶನ ದರ್ಶನಕ್ಕೆ ಜನ ಬರುತ್ತಾರೆ. ಮಾಲೂರು ತಾಲ್ಲೂಕಿನ ಚಿಕ್ಕ ತಿರುಪತಿಗೆ ಶನಿವಾರದ ಜನಸಂದಣಿ ಗೊತ್ತೇ ಇದೆ. ಶ್ರೀನಿವಾಸಪುರದ ಕಡೆ ಮೇ, ಜೂನ್‌ನಲ್ಲಿ ಮಾವಿನ ಸುಗ್ಗಿ.

ಒಂದೊಂದು ಜಾಗಕ್ಕೆ ಒಂದೊಂದು ನಿಯಮ ಅನ್ವಯಿಸುತ್ತಿತ್ತು. ಉದಾಹರಣೆಗೆ, ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನ ಸ್ಮಾರಕಗಳನ್ನು ಲಾಕ್‌ಡೌನ್‌ಗೂ ಮುಂಚೆ, 2020ರ ಮಾರ್ಚ್ 17ರಂದೇ ಮುಚ್ಚಿತ್ತು. ಪೂಜೆ ನಡೆಯುವ ದೇವಸ್ಥಾನಗಳಿಗೆ ಜೂನ್ 8ರಿಂದ ಪ್ರವೇಶ ಸಿಕ್ಕಿತು. ಆದರೆ ಬೆಟ್ಟಕ್ಕೆ ಗೇಟು ಎಲ್ಲಿದೆ? ದೇವಸ್ಥಾನಕ್ಕೆ ಬೀಗ ಹಾಕಬಹುದು, ಬಂಡೆಗೆ ಹಾಕೋಕಾಗಲ್ಲ. ಹಾಗಾಗಿ ಬೆಟ್ಟದ ವಿಷಯದಲ್ಲಿ ತೀರ್ಮಾನ ಆಗುತ್ತಿದ್ದದ್ದು ದಾರಿಯಲ್ಲಿ ನಿಂತ ಪೊಲೀಸರ ಮಟ್ಟದಲ್ಲಿ.

ನಿಯಮ ಯಾವಾಗ ಏನಿತ್ತು?

2020ರ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್. ಏಪ್ರಿಲ್ 30ರ ಕೇಂದ್ರದ ಪಟ್ಟಿಯಲ್ಲಿ ಕೋಲಾರ ಹಸಿರು ವಲಯ. ಪಕ್ಕದ ಚಿಕ್ಕಬಳ್ಳಾಪುರ ಕಿತ್ತಳೆ, ಬೆಂಗಳೂರು ನಗರ ಮತ್ತು ಗ್ರಾಮಾಂತರ ಎರಡೂ ಕೆಂಪು. ಹಸಿರು ವಲಯ ಅಂದಮಾತ್ರಕ್ಕೆ ಎಲ್ಲಾ ಮುಕ್ತ ಅಂತಲ್ಲ. ಸಂಜೆ 7ರಿಂದ ಬೆಳಗ್ಗೆ 7ರವರೆಗೆ ಅನಗತ್ಯ ಓಡಾಟ ಯಾವ ವಲಯದಲ್ಲೂ ಇರಲಿಲ್ಲ. 65 ದಾಟಿದವರು, ಗರ್ಭಿಣಿಯರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕಿತ್ತು. ಬೆಳಗಿನ ಜಾವದ ನಡಿಗೆಯನ್ನೇ ನಂಬಿದ್ದ ಸಕ್ಕರೆ ಕಾಯಿಲೆಯ ಅಜ್ಜನಿಗೆ ಈ ನಿಯಮದಲ್ಲಿ ಜಾಗವೇ ಇರಲಿಲ್ಲ.

ಮೇ 12ರಂದು ಜಿಲ್ಲೆಯ ಮೊದಲ ಐದು ಪ್ರಕರಣಗಳು ವರದಿಯಾದವು, ಐದೂ ಮುಳಬಾಗಿಲು ತಾಲ್ಲೂಕಿನವು. ಜುಲೈ 5ರಿಂದ ಆ ತಿಂಗಳ ಭಾನುವಾರಗಳು ರಾಜ್ಯದಲ್ಲಿ ಪೂರ್ತಿ ಬಂದ್. ಜುಲೈ 14ರಿಂದ 22ರವರೆಗೆ ಬೆಂಗಳೂರು ನಗರ, ಗ್ರಾಮಾಂತರ ಮತ್ತೆ ಲಾಕ್. ಆಗಸ್ಟ್‌ನಲ್ಲಿ ರಾತ್ರಿ ಕರ್ಫ್ಯೂ ಹೋಯಿತು. ತಿಂಗಳ ಕೊನೆಗೆ ಹೊರರಾಜ್ಯದಿಂದ ಬರುವವರಿಗೆ ಸೇವಾ ಸಿಂಧು ನೋಂದಣಿ, 14 ದಿನದ ಕ್ವಾರಂಟೈನ್ ಕೂಡ ಹೋಯಿತು.

ಎರಡನೇ ಅಲೆಯಲ್ಲಿ 2021ರ ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ, ಮೇ 10ರಿಂದ ಇನ್ನೂ ಬಿಗಿ. ತುರ್ತು ಕಾರಣ ಇಲ್ಲದೆ ಜಿಲ್ಲೆಯಿಂದ ಜಿಲ್ಲೆಗೆ ಹೋಗುವಂತಿಲ್ಲ. ಬೆಳಗ್ಗೆ 6ರಿಂದ 10ರೊಳಗೆ ದಿನಸಿ, ಅದೂ ನಡೆದುಕೊಂಡೇ ಹೋಗಿ ತರಬೇಕು ಎಂದು ಮೊದಲು ಹೇಳಲಾಯಿತು. ಅಂಗಡಿಯೇ ಪಕ್ಕದೂರಿನಲ್ಲಿರುವ ಹಳ್ಳಿಗಳವರು ಏನು ಮಾಡಬೇಕು? ಆಕ್ಷೇಪ ಬಂದ ಮೇಲೆ ಹತ್ತಿರದ ಅಂಗಡಿಗೆ ವಾಹನ ಬಳಸಬಹುದು ಎಂಬ ಸ್ಪಷ್ಟನೆ ಬಂತು. ಜೂನ್ 14ರಿಂದ ನಿರ್ಬಂಧ ಸಡಿಲವಾದ ಜಿಲ್ಲೆಗಳಲ್ಲಿ ಬೆಳಗ್ಗೆ 5ರಿಂದ 10ರವರೆಗೆ ಪಾರ್ಕುಗಳಲ್ಲಿ ವಾಕಿಂಗ್, ಜಾಗಿಂಗ್‌ಗೆ ಅವಕಾಶ ಸಿಕ್ಕಿತು. ವ್ಯಾಯಾಮಕ್ಕೆ ಆದೇಶದಲ್ಲಿ ಜಾಗ ಸಿಕ್ಕಿದ್ದು ಹೀಗೆ, ಅದೂ ಪಾರ್ಕ್ ಇರುವ ಊರಿನವರಿಗೆ. ವಾರಾಂತ್ಯ ಕರ್ಫ್ಯೂ ತೆರವಾದದ್ದು ಜುಲೈ 5ಕ್ಕೆ.

2022ರ ಜನವರಿ 7ರಿಂದ ಮತ್ತೆ ವಾರಾಂತ್ಯ ಕರ್ಫ್ಯೂ ಬಂತು. ಸಂಕ್ರಾಂತಿಯ ವಾರವೂ ಅದರಲ್ಲೇ ಕಳೆಯಿತು. ಜನವರಿ 21ಕ್ಕೆ ಅದನ್ನು ಹಿಂಪಡೆದರು, 31ಕ್ಕೆ ರಾತ್ರಿ ಕರ್ಫ್ಯೂ ಕೂಡ ಮುಗಿಯಿತು.

ಗಡಿ ಒಂದು, ದೂರ ಇನ್ನೊಂದು

ನಮ್ಮ ನಿಯಮಗಳ ಅಳತೆಗೋಲು ಜಿಲ್ಲೆಯ ಗಡಿ. ಮಾಲೂರಿನಿಂದ ತಮಿಳುನಾಡಿನ ಹೊಸೂರು ಸುಮಾರು 30 ಕಿಲೋಮೀಟರ್. ಅಲ್ಲಿಗೆ ಹೋಗೋಕೆ ಪಾಸ್ ಬೇಕು. ಅದೇ ಮಾಲೂರಿನಿಂದ ಕೋಲಾರ, ಶ್ರೀನಿವಾಸಪುರ ದಾಟಿ ರಾಯಲ್ಪಾಡು ಕಡೆಗೆ 70 ಕಿಲೋಮೀಟರಿಗೂ ಹೆಚ್ಚು ದೂರ. ಅದು ಜಿಲ್ಲೆಯೊಳಗಿನ ಓಡಾಟ. ಮುಳಬಾಗಿಲು ತಾಲ್ಲೂಕಿನ ನಂಗಲಿ ಚೆಕ್‌ಪೋಸ್ಟ್ ಆಚೆ ಹೊಲ, ಸಂಬಂಧ, ಸಂತೆ ಇರುವವರಿಗೆ ಆಂಧ್ರ ಪರದೇಶವಲ್ಲ, ಪಕ್ಕದ ಬೀದಿ. ವೈರಸ್ಸಿಗೂ ಜಿಲ್ಲೆಯ ಗಡಿ ಗೊತ್ತಿಲ್ಲ. ಅದು ಹರಡೋದು ಎಷ್ಟು ಜನ, ಎಷ್ಟು ಹೊತ್ತು, ಎಂಥ ಜಾಗದಲ್ಲಿ ಸೇರಿದರು ಎಂಬುದರ ಮೇಲೆ.

ಗಡಿ ದಾಟುವ ಎಲ್ಲರಿಗೂ ಒಂದೇ ನ್ಯಾಯವೂ ಇರಲಿಲ್ಲ. 2021ರ ಏಪ್ರಿಲ್ ಕೊನೆಯ ಆದೇಶದಲ್ಲಿ ಗಾರ್ಮೆಂಟ್ಸ್ ಬಿಟ್ಟು ಉಳಿದ ಉತ್ಪಾದನಾ ಘಟಕಗಳಿಗೆ ಅನುಮತಿ ಇತ್ತು. ಅಂದರೆ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಹತ್ತಾರು ಜನ ಕಾರ್ಖಾನೆಗೆ ಹೋಗಬಹುದು, ಒಬ್ಬರೇ ಗುಡ್ಡದ ದಾರಿಯಲ್ಲಿ ನಡೆದರೆ ಪ್ರಶ್ನೆ. ದುಡಿಮೆ ಅಗತ್ಯ, ನಿಜ. ಆದರೆ ಅಪಾಯದ ಲೆಕ್ಕದಲ್ಲಿ ಇವೆರಡರಲ್ಲಿ ಯಾವುದು ಹೆಚ್ಚು?

ಬಯಲಲ್ಲಿ ಅಪಾಯ ಎಷ್ಟು?

ಆಗ ಪ್ರಕಟವಾದ ಐದು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಪರಾಮರ್ಶೆ, ವರದಿಯಾದ ಸೋಂಕುಗಳಲ್ಲಿ ಬಯಲಿನಲ್ಲಿ ತಗುಲಿದ್ದು ಶೇ. 10ಕ್ಕಿಂತ ಕಡಿಮೆ ಎಂದಿತು. ಬಯಲಿಗಿಂತ ಒಳಾಂಗಣದಲ್ಲಿ ಹರಡುವ ಸಾಧ್ಯತೆ ಸುಮಾರು 18.7 ಪಟ್ಟು ಹೆಚ್ಚು. ಅಂದಮೇಲೆ ಬೆಟ್ಟ ಅಪಾಯದ ಜಾಗವಲ್ಲ. ಬೆಟ್ಟಕ್ಕೆ ಹೋಗೋ ಪ್ರಯಾಣ ಅಪಾಯ: ಒಂದೇ ಕಾರಿನಲ್ಲಿ ಐದು ಜನ, ದಾರಿಯ ಹೋಟೆಲು, ಟೀ ಅಂಗಡಿ, ಕಿರಿದಾದ ಗುಹೆಯೊಳಗೆ ಒಬ್ಬರ ಹಿಂದೆ ಒಬ್ಬರು ತೆವಳುವುದು.

ಇನ್ನೊಂದು ಅಂಶ ಆಸ್ಪತ್ರೆ. 2011ರ ಜನಗಣತಿ ಪ್ರಕಾರ ಜಿಲ್ಲೆಯ ಜನಸಂಖ್ಯೆ 15.36 ಲಕ್ಷ. ಕೋಲಾರ ಪಟ್ಟಣದ ಸುತ್ತ ದೊಡ್ಡ ಆಸ್ಪತ್ರೆ ಅಂದರೆ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಮತ್ತು ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ. ಅಲೆ ಜೋರಾಗಿರುವಾಗ ರಾತ್ರಿ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡರೆ ಒಂದು ಆಂಬುಲೆನ್ಸು, ಒಂದು ಹಾಸಿಗೆ, ಒಬ್ಬ ಡಾಕ್ಟರು ಅಲ್ಲಿಗೆ ಹೋಗಬೇಕಾಗುತ್ತೆ. ಹೊರಗಿನವರ ಸಾಹಸಕ್ಕೆ ಸ್ಥಳೀಯರ ಹಾಸಿಗೆ ಖರ್ಚಾಗುವುದು ನ್ಯಾಯವಲ್ಲ.

ಒಂದು ಬೆಟ್ಟ ಮುಚ್ಚಿದರೆ?

2021ರ ಜುಲೈನಲ್ಲಿ ನಿರ್ಬಂಧ ಸಡಿಲವಾದ ಕೂಡಲೇ ನಂದಿ ಬೆಟ್ಟಕ್ಕೆ ಬೆಂಗಳೂರಿನ ಜನ ಮುಗಿಬಿದ್ದರು. ಚಿಕ್ಕಬಳ್ಳಾಪುರ ಜಿಲ್ಲಾಡಳಿತ ವಾರಾಂತ್ಯದ ಪ್ರವೇಶ ನಿಲ್ಲಿಸಿತು. ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ರಸ್ತೆಯೇ ಕಿತ್ತುಹೋಗಿ, ಡಿಸೆಂಬರ್ 1ರವರೆಗೆ ಬೆಟ್ಟ ಮುಚ್ಚಿತ್ತು. ಪೈಪಿನ ಒಂದು ನಲ್ಲಿ ಮುಚ್ಚಿದರೆ ನೀರಿನ ಒತ್ತಡ ಇನ್ನೊಂದು ನಲ್ಲಿಗೆ ಹೋಗುತ್ತೆ. ಬೆಂಗಳೂರಿನ ವಾರಾಂತ್ಯಕ್ಕೆ ನಂದಿ ಒಂದು ನಲ್ಲಿಯಾದರೆ ಅಂತರಗಂಗೆ ಇನ್ನೊಂದು. ಜಿಲ್ಲೆಗೊಂದು ತೀರ್ಮಾನ ಮಾಡುತ್ತಾ ಹೋದರೆ ಜನಸಂದಣಿ ಕಡಿಮೆಯಾಗಲ್ಲ, ಜಾಗ ಬದಲಾಯಿಸುತ್ತೆ.

ಬೇರೆ ಕಡೆ ಏನು ಮಾಡಿದರು?

ಫ್ರಾನ್ಸ್ ವ್ಯಾಯಾಮಕ್ಕೆ ಮನೆಯಿಂದ 1 ಕಿಲೋಮೀಟರ್, ದಿನಕ್ಕೆ 1 ಗಂಟೆ ಎಂದು ಬರೆಯಿತು. 2020ರ ನವೆಂಬರ್ ಕೊನೆಗೆ ಅದನ್ನು 20 ಕಿಲೋಮೀಟರ್, 3 ಗಂಟೆಗೆ ಏರಿಸಿತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 5 ಕಿಲೋಮೀಟರ್. ಇಂಗ್ಲೆಂಡ್ ವ್ಯಾಯಾಮವನ್ನು ಸಕಾರಣ ಎಂದು ಒಪ್ಪಿಕೊಂಡರೂ ದೂರ ಹೇಳಲಿಲ್ಲ. 2021ರ ಜನವರಿಯಲ್ಲಿ ಡರ್ಬಿಶೈರ್‌ನಲ್ಲಿ ಮನೆಯಿಂದ ಐದು ಮೈಲಿ ದೂರಕ್ಕೆ ಕಾರಿನಲ್ಲಿ ಹೋಗಿ ವಾಕಿಂಗ್ ಮಾಡಿದ ಇಬ್ಬರು ಹೆಂಗಸರಿಗೆ ಪೊಲೀಸರು ತಲಾ 200 ಪೌಂಡ್ ದಂಡ ಹಾಕಿದರು, ಆಮೇಲೆ ವಾಪಸ್ ತೆಗೆದುಕೊಂಡರು. ಸಂಖ್ಯೆ ಬರೆಯದಿದ್ದರೆ ಅಲ್ಲೂ ಕಾನೂನು ಅಂದರೆ ಎದುರಿಗಿರುವ ಪೊಲೀಸ್ ಹೇಳಿದ್ದು.

ಮುಂದಿನ ಸಲಕ್ಕೆ

ಆಗ ಬಳಸಿದ ಅಧಿಕಾರ ಈಗಲೂ ಸರ್ಕಾರದ ಕೈಯಲ್ಲಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಇದೆ, 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ ಇದೆ. ಸೆಕ್ಷನ್ 144 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163, ಐಪಿಸಿ 188 ಈಗ ಭಾರತೀಯ ನ್ಯಾಯ ಸಂಹಿತೆಯ 223. ಹೆಸರು ಬದಲಾಗಿದೆ, ಅಧಿಕಾರ ಅದೇ. ಹಾಗಾಗಿ ಆದೇಶದಲ್ಲಿ ಏನು ಬರೆಯಬೇಕು ಎಂದು ಈಗಲೇ ಕೇಳಬೇಕು.

ಒಂದು, ನಡಿಗೆ ಮತ್ತು ವ್ಯಾಯಾಮವನ್ನು ಅಗತ್ಯದ ಪಟ್ಟಿಗೆ ಸೇರಿಸಿ, ವಯಸ್ಸಾದವರನ್ನೂ ಮಕ್ಕಳನ್ನೂ ಹೊರಗಿಡದೆ.

ಎರಡು, ಜಿಲ್ಲೆಯ ಗಡಿ ಬದಲು ಮನೆಯಿಂದ ಇಷ್ಟು ಕಿಲೋಮೀಟರ್ ಎಂದು ಬರೆಯಿರಿ. ಗಡಿ ಊರುಗಳಿಗೆ ಪಕ್ಕದ ರಾಜ್ಯದ ಜೊತೆ ಮೊದಲೇ ಮಾತಾಡಿಕೊಳ್ಳಿ.

ಮೂರು, ಬೆಂಗಳೂರಿನ ಸುತ್ತಲಿನ ಬೆಟ್ಟಗಳಿಗೆಲ್ಲ ಒಟ್ಟಿಗೆ ಒಂದೇ ನಿಯಮ ಮಾಡಿ. ದೂರದಿಂದ ಬರುವ ವಾಹನಗಳನ್ನು ತಡೆಯಿರಿ, ನಡೆದು ಬರುವ ಊರಿನವರನ್ನು ಬಿಡಿ.

ನಾಲ್ಕು, ಆದೇಶವನ್ನು ಕನ್ನಡದಲ್ಲಿ, ಗಡಿ ತಾಲ್ಲೂಕುಗಳಲ್ಲಿ ತೆಲುಗಿನಲ್ಲೂ, ಪಂಚಾಯಿತಿ ಗೋಡೆಗೆ ಅಂಟಿಸಿ. ದಾರಿಯಲ್ಲಿ ತಡೆದಾಗ ತೋರಿಸೋಕೆ ಜನರ ಹತ್ತಿರ ಒಂದು ಸಾಲು ಇರಬೇಕು.

ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ಬೈಕಿನಲ್ಲಿ ಬಂದು ಗುಹೆಗೆ ನುಗ್ಗುವುದು, ಕೋಲಾರದ ಹೆಂಗಸೊಬ್ಬಳು ಬೆಳಗ್ಗೆ ಅಂತರಗಂಗೆಯ ಮೆಟ್ಟಿಲು ಹತ್ತುವುದು ಒಂದೇ ಅಲ್ಲ. ಎರಡನ್ನೂ ಒಂದೇ ಲಾಠಿಯಿಂದ ಅಳೆದರೆ ಮೊದಲನೆಯವರಿಗೆ ತಪ್ಪುವುದು ಒಂದು ವಾರಾಂತ್ಯ. ಎರಡನೆಯವರಿಗೆ ತಪ್ಪುವುದು ದಿನದಲ್ಲಿ ಅವರದೇ ಆಗಿದ್ದ ಆ ಒಂದು ಗಂಟೆ.