ನಿಂತ ನೀರು, ತೆರೆಯದ ಬಾಯಿ: ಸಿಹಿನೀರಿನ ಮೀನುಗಳಲ್ಲಿ ಮೈಕ್ರೋಪ್ಲಾಸ್ಟಿಕ್ ಎಣಿಕೆಯ ಮಿತಿ

ಸಿಹಿನೀರಿನ ಮೀನು ಮತ್ತು ಮೈಕ್ರೋಪ್ಲಾಸ್ಟಿಕ್ ಕುರಿತ ಬಹುಪಾಲು ಅಧ್ಯಯನಗಳು ಮೀನಿನ ಹೊಟ್ಟೆಯಲ್ಲಿ ಎಷ್ಟು ಕಣಗಳಿವೆ ಎಂಬ ಪ್ರಶ್ನೆಯಿಂದ ಹೊರಡುತ್ತವೆ. ಕರುಳನ್ನು ಬಿಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ, ಸೋಸುಕಾಗದದ ಮೇಲೆ ಉಳಿದ 5 ಮಿ.ಮೀ.ಗಿಂತ ಚಿಕ್ಕ ಎಳೆ ಮತ್ತು ಚೂರುಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುವುದು ಈಗ ರೂಢಿಯಲ್ಲಿರುವ ಕ್ರಮ. ಫ್ರಾನ್ಸಿನ ನದಿಗಳ ಗಜನ್ ಮೀನುಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 12ರಷ್ಟು ಮೀನುಗಳಲ್ಲಿ ಪ್ಲಾಸ್ಟಿಕ್ ಸಿಕ್ಕಿತ್ತು. ಉಳಿದವೆಲ್ಲ ಸುರಕ್ಷಿತ ಎಂದು ಇದರಿಂದ ತೀರ್ಮಾನಿಸಲಾಗದು. ಕರುಳಿಗೆ ಬಂದ ಕಣ ಬಹುಮಟ್ಟಿಗೆ ಹೊರಗೂ ಹೋಗುತ್ತದೆ, ಹಾಗಾಗಿ ಹಿಡಿದ ಹೊತ್ತಿಗೆ ಅಲ್ಲಿದ್ದದ್ದಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಸೋಸುಕಾಗದದ ರಂಧ್ರಕ್ಕಿಂತ ಸಣ್ಣದಾದದ್ದು ಲೆಕ್ಕಕ್ಕೇ ಬರುವುದಿಲ್ಲ. ಅಪಾಯವನ್ನು ಅಳೆಯಬೇಕಾದರೆ ಮೀನು ಬಾಳುವ ನೀರನ್ನೇ, ಮುಖ್ಯವಾಗಿ ಆ ನೀರಿನ ಹರಿವನ್ನು, ಮೊದಲು ನೋಡಬೇಕೆಂಬುದು ಈ ಲೇಖನದ ವಾದ.

ಇದಕ್ಕೆ ಆಧಾರ ಕಾವೇರಿಯಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೊಂಗ್‌ಥೊಂಬಾ ಅವರ ತಂಡ ಕೃಷ್ಣರಾಜಸಾಗರದ ಬಳಿ ನೀರು ವೇಗವಾಗಿ ಹರಿಯುವ, ನಿಧಾನವಾಗಿ ಹರಿಯುವ ಹಾಗೂ ನಿಂತಿರುವ ಮೂರು ಕಡೆಗಳಿಂದ ಮಾದರಿ ಸಂಗ್ರಹಿಸಿತು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನೀರಿನ ಸಾಮಾನ್ಯ ಗುಣಲಕ್ಷಣಗಳಲ್ಲಿ ಮಿತಿ ತಪ್ಪಿದ್ದು ಕರಗಿದ ಆಮ್ಲಜನಕ ಒಂದೇ. ಅದೂ ನಿಧಾನ ಹರಿವಿನ ಮತ್ತು ನಿಂತ ನೀರಿನಲ್ಲಿ. ರಾಮನ್ ರೋಹಿತ ವಿಧಾನ ಮಾತ್ರ ಮೈಕ್ರೋಪ್ಲಾಸ್ಟಿಕ್ಕನ್ನೂ ಸೈಕ್ಲೋಹೆಕ್ಸೈಲ್ ಗುಂಪಿನ ವಿಷಕಾರಿ ರಾಸಾಯನಿಕಗಳನ್ನೂ ತೋರಿಸಿತು. ಆ ಎರಡು ಕಡೆಗಳ ನೀರಿನಲ್ಲಿಟ್ಟ ಜೀಬ್ರಾ ಮೀನಿನ ಭ್ರೂಣಗಳಲ್ಲಿ ಮೂಳೆಗಳು ವಿಕಾರಗೊಂಡವು, ಡಿಎನ್‌ಎ ಮತ್ತು ಹೃದಯಕ್ಕೆ ಹಾನಿಯಾಯಿತು, ಸಾವು ಹೆಚ್ಚಿತು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಮೇಲೂ ಈ ದೋಷಗಳು ಕಂಡವು. ಇಲ್ಲಿ ತಡೆದು ನೋಡಬೇಕಾದ ಸಂಗತಿಯೊಂದಿದೆ: ಮೊಟ್ಟೆಯೊಳಗಿನ ಭ್ರೂಣ ತನ್ನ ಹಳದಿಯನ್ನೇ ಉಂಡು ಬೆಳೆಯುತ್ತದೆ, ಹೊರಗಿನದೇನನ್ನೂ ನುಂಗುವುದಿಲ್ಲ. ಹೊಟ್ಟೆಯ ಕಣಗಳನ್ನು ಎಣಿಸುವ ವಿಧಾನದಿಂದ ಈ ಹಾನಿಯನ್ನು ಹಿಡಿಯಲು ಸಾಧ್ಯವೇ ಇಲ್ಲ.

ಅದೇ ನೀರಿನಲ್ಲಿ ಆಮ್ಲಜನಕ ಕಡಿಮೆಯಿತ್ತು, ರಾಸಾಯನಿಕಗಳೂ ಇದ್ದವು; ಹಾಗಿರುವಾಗ ದೋಷವನ್ನು ಪ್ಲಾಸ್ಟಿಕ್ಕಿನ ಮೇಲೆ ಹೊರಿಸುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ. ಒಂದೊಂದರ ಪಾಲನ್ನು ಬೇರ್ಪಡಿಸಿ ಹೇಳಲು ಈ ಪ್ರಯೋಗವೊಂದೇ ಸಾಲದು. ಆದರೆ ನದಿಯ ಮೀನಿಗೆ ಶುದ್ಧ ಪ್ಲಾಸ್ಟಿಕ್ ಎಂದೂ ಒಂಟಿಯಾಗಿ ಎದುರಾಗುವುದಿಲ್ಲ. ಹರಿವು ಕುಗ್ಗಿದಲ್ಲಿ ಇವೆಲ್ಲ ಒಟ್ಟಿಗೇ ಸೇರುತ್ತವೆ, ಆ ಮಿಶ್ರಣದಲ್ಲೇ ಮರಿ ಬೆಳೆಯಬೇಕು. ಮೀನಿನ ಕರುಳಿನಲ್ಲಿ ಎಣಿಸಿದ ಎಳೆಗಳು ಪ್ರಯೋಗಾಲಯದ ಗಾಳಿಯಿಂದಲೋ ಸಂಶೋಧಕರ ಬಟ್ಟೆಯಿಂದಲೋ ಬಿದ್ದವು ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಶಿಕಾಗೋದ ಫೀಲ್ಡ್ ಮ್ಯೂಸಿಯಂನ ಜಾಡಿಗಳಲ್ಲಿ ಉತ್ತರ ಸಿಕ್ಕಿದೆ. ಅಲ್ಲಿ ಕಾದಿಟ್ಟ ಸಿಹಿನೀರಿನ ಮೀನುಗಳ ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1950ಕ್ಕಿಂತ ಹಿಂದಿನ ಮೀನುಗಳಲ್ಲಿ ಮೈಕ್ರೋಪ್ಲಾಸ್ಟಿಕ್ ಸಿಗಲಿಲ್ಲ, ಆಮೇಲಿನವುಗಳಲ್ಲಿ ದಶಕದಿಂದ ದಶಕಕ್ಕೆ ಏರುತ್ತ ಹೋಯಿತು. ಎಲ್ಲವೂ ಗಾಳಿಯಿಂದಲೇ ಬಿದ್ದಿದ್ದರೆ ಹಳೆಯ ಮೀನುಗಳಲ್ಲೂ ಇರಬೇಕಿತ್ತು.

ಆದ್ದರಿಂದ ಜಲಾಶಯಗಳ ತಪಾಸಣೆ ಕರುಳಿಗೆ ಸೀಮಿತವಾಗಬಾರದು. ನೀರಿನ ಮಟ್ಟ ಇಳಿದ ಬೇಸಿಗೆಯಲ್ಲಿ, ಅಂಚಿನ ನಿಂತ ನೀರಿನಿಂದ ಮಾದರಿ ತೆಗೆದು, ಭ್ರೂಣ ಪರೀಕ್ಷೆಯನ್ನೂ ಅದರ ಜೊತೆಗೇ ನಡೆಸಬೇಕು.